ರಾಜನ ಗಮನ ಬೇರೆಡೆ ಇದೆ

ನಮ್ಮ ರಾಜ ಮತ್ತೆ ಸತ್ತ.

ಚಿತ್ರವಿಲ್ಲ, ಸಂಗೀತವಿಲ್ಲ, ಬರೀ ಅಕ್ಷರದಲ್ಲೇ ನಡೆಯುವ ಆಟ ಇದು. ಅದು ಸನ್ನಿವೇಶ ಹೇಳುತ್ತೆ, ಏನು ಮಾಡಬೇಕು ಅಂತ ನಾವು ಕೆಳಗೆ ಟೈಪ್ ಮಾಡಬೇಕು. 1970ರ ದಶಕದಲ್ಲಿ ಇಂಥ ಆಟಗಳು ಶುರುವಾದಾಗ ಎರಡು ಪದಕ್ಕಿಂತ ಹೆಚ್ಚು ಅವಕ್ಕೆ ಅರ್ಥವಾಗುತ್ತಿರಲಿಲ್ಲವಂತೆ. ಈಗ ಇಡೀ ವಾಕ್ಯ ಅರ್ಥವಾಗುತ್ತಂತೆ. ಆಗುತ್ತೆ, ಆಗುತ್ತೆ.

ನಾನು ಮಧ್ಯಯುಗದ ಯುರೋಪಿನ ಒಬ್ಬ ಅರಸನ ಅಂಗರಕ್ಷಕ. ಗೂಢಚಾರರ ಕಾಟವೇನೂ ದೊಡ್ಡದಲ್ಲ. ಯಾವ ಸೇವಕನ ಬಣ್ಣನೆಗೆ ಆಟ ಮೂರು ಸಾಲು ಖರ್ಚು ಮಾಡುತ್ತೋ ಅವನನ್ನು ಹಿಡಿದು ಒಳಗೆ ಹಾಕಿದರೆ ಮುಗಿಯಿತು. ಪ್ರಾಮಾಣಿಕರಿಗೆ ಅರ್ಧ ಸಾಲೂ ಸಿಗುವುದಿಲ್ಲ. ತಲೆನೋವು ಇರುವುದು ರಾಜನದೇ. ‘ಪ್ರಜೆಗಳ ಪ್ರೀತಿಯೇ ನನ್ನ ಕವಚ’ ಅಂತ ಒಂದು ಡೈಲಾಗ್ ಹೊಡೆದು ನನ್ನನ್ನು ಬಾಗಿಲಾಚೆ ಕಳಿಸುತ್ತಾನೆ. ನಿಲುವಂಗಿ ತೊಟ್ಟ ಯಾರು ಬಂದರೂ ಏಕಾಂತದಲ್ಲಿ ಭೇಟಿ.

ನಿನ್ನೆಯೂ ಒಬ್ಬ ಸನ್ಯಾಸಿ ಬಂದ. ಮೂರು ಸಾಲಿನ ಬಣ್ಣನೆ. ತೋಳಿನೊಳಗೆ ಏನೋ ಹೊಳೆಯಿತು ಅಂತ ಬೇರೆ ಹೇಳಿತು.

‘ಸನ್ಯಾಸಿಯನ್ನು ತಡೆ’ ಅಂದೆ.

‘ತಡೆಯುವುದು ಅಂದರೆ ಏನೆಂದು ತಿಳಿಯಲಿಲ್ಲ.’

‘ಸನ್ಯಾಸಿಯನ್ನು ಹಿಡಿ.’

‘ಹಾಗೆ ಹಿಡಿದರೆ ಅವರು ಬೇಜಾರು ಮಾಡಿಕೊಳ್ಳಬಹುದು.’

ಅಲ್ಲಯ್ಯಾ, ಕೊಲ್ಲಲು ಬಂದವನ ಬೇಜಾರು ಕಟ್ಟಿಕೊಂಡು ನನಗೇನು? ‘ರಾಜನಿಗೆ ಚೂರಿಯ ವಿಷಯ ಹೇಳು’ ಅಂದೆ. ‘ಯಾವ ಚೂರಿ? ಮೇಜಿನ ಮೇಲಿನ ಚೂರಿಯೋ, ಸನ್ಯಾಸಿಯ ಚೂರಿಯೋ?’ ಸನ್ಯಾಸಿಯ ಹತ್ತಿರ ಚೂರಿ ಇದೆ ಅಂತ ಅದರ ಬಾಯಲ್ಲೇ ಬಂತು! ಆಟಕ್ಕೆ ಗೊತ್ತು, ನನಗೆ ಗೊತ್ತು, ಸನ್ಯಾಸಿಗಂತೂ ಗೊತ್ತೇ ಇದೆ. ಹಲ್ಲು ಕಚ್ಚಿಕೊಂಡು ‘ಸನ್ಯಾಸಿಯ ಚೂರಿ’ ಅಂತ ಟೈಪ್ ಮಾಡಿದೆ.

‘ರಾಜನ ಗಮನ ಬೇರೆಡೆ ಇದೆ.’

ಮುಂದಿನ ಸಾಲಲ್ಲಿ ರಾಜ ಇರಲಿಲ್ಲ.

ಇಷ್ಟು ದಡ್ಡ ಅರಸನನ್ನು ಯಾರು ಸೃಷ್ಟಿಸಿದರಪ್ಪಾ ಅಂತ ಸಿಟ್ಟಿನಲ್ಲಿ ಇತಿಹಾಸ ತೆಗೆದು ನೋಡಿದರೆ, ಆಟ ಬರೆದವರು ಮರ್ಯಾದೆ ಉಳಿಸಿಯೇ ಬರೆದಿದ್ದಾರೆ. ಜೆರುಸಲೇಮಿನ ಅರಸನಾಗಿ ಆಯ್ಕೆಯಾಗಿದ್ದ ಕಾನ್ರಾಡ್‌ನನ್ನು 1192ರಲ್ಲಿ ಟೈರ್ ನಗರದಲ್ಲಿ ಇರಿದವರು ಸನ್ಯಾಸಿ ವೇಷದಲ್ಲೇ ಇದ್ದರಂತೆ. ಇಂಗ್ಲೆಂಡಿನ ರಿಚರ್ಡ್ 1199ರಲ್ಲಿ ಶಾಲೂಸ್ ಕೋಟೆಯ ಮುತ್ತಿಗೆಯಲ್ಲಿ ಕವಚವಿಲ್ಲದೆ ಅಡ್ಡಾಡಲು ಹೋಗಿ ಭುಜಕ್ಕೆ ಬಾಣ ಹೊಡೆಸಿಕೊಂಡ, ಗಾಯ ಕೊಳೆತು ಸತ್ತ. ಪ್ರಜೆಗಳ ಪ್ರೀತಿ ಭುಜದವರೆಗೆ ಬರಲಿಲ್ಲ ಅಂತ ಕಾಣುತ್ತೆ.

ಎಲ್ಲರನ್ನೂ ಮೀರಿಸಿದವನು ಸ್ಕಾಟ್ಲೆಂಡಿನ ಮೊದಲನೇ ಜೇಮ್ಸ್. 1437ರ ಫೆಬ್ರವರಿ, ಪರ್ತ್ ಊರಿನ ಮಠದಲ್ಲಿ ಬಿಡಾರ. ರಾತ್ರಿ ಕೊಲೆಗಾರರು ನುಗ್ಗಿದಾಗ ನೆಲದ ಹಲಗೆ ಕಿತ್ತು ಕೆಳಗಿನ ಮೋರಿಗೆ ಇಳಿದ. ಅದು ಸೀದಾ ಹೊರಗೆ ಹೋಗುವ ದಾರಿ. ಆದರೆ ಆಡುವಾಗ ಟೆನಿಸ್ ಚೆಂಡುಗಳು ಅದರೊಳಗೆ ಹೋಗಿ ಕಳೆಯುತ್ತವೆ ಅಂತ ಸ್ವಲ್ಪ ದಿನ ಮೊದಲಷ್ಟೇ ಆ ಬಾಯಿ ಮುಚ್ಚಿಸಿದ್ದವನು ಅವನೇ!

ನನಗೆ ಆ ಗಾರೆ ಕೆಲಸದವನ ನೆನಪು ಬಿಡುತ್ತಿಲ್ಲ. ಹೇಳಿದ ಕೆಲಸ ಹೇಳಿದ ದಿನಕ್ಕೆ ಮುಗಿಸಿದವನು. ನಾಳೆ ಮಾಡೋಣ ಅಂತ ಒಂದು ವಾರ ತಳ್ಳಿದ್ದರೆ ರಾಜ ಬದುಕುತ್ತಿದ್ದನೋ ಏನೋ. ಸುದ್ದಿ ಕೇಳಿದ ಬೆಳಿಗ್ಗೆ ಅವನು ಯಾರ ಹತ್ತಿರ ಏನು ಹೇಳಿಕೊಂಡಿರಬೇಕು?

ಇರಲಿ. ಈ ಸಲ ನಾನು ಬೇರೆ ಉಪಾಯ ಮಾಡಿದೆ. ಸನ್ಯಾಸಿ ಬರುವುದಕ್ಕೆ ಮೊದಲೇ ರಾಜನನ್ನು ಮಲಗುವ ಕೋಣೆಗೆ ಸಾಗಿಸಿ, ಹೊರಗಿನಿಂದ ಬೀಗ ಜಡಿದು, ಕೀಲಿ ಜೇಬಿಗೆ ಇಳಿಸಿದೆ. ಆಟಕ್ಕೆ ‘ಬೀಗ ಹಾಕು’ ಮಾತ್ರ ಒಂದೇ ಏಟಿಗೆ ಅರ್ಥವಾಯಿತು. ಸನ್ಯಾಸಿ ಬಂದ, ಕಾದ, ಹೊರಟುಹೋದ. ಗೆದ್ದೆ ಅಂತ ಕುರ್ಚಿಗೆ ಒರಗಿದೆ.

‘ಅರಸನನ್ನು ಸೆರೆಯಲ್ಲಿಟ್ಟ ರಾಜದ್ರೋಹಕ್ಕಾಗಿ ನಿನಗೆ ಗಲ್ಲು. ಆಟ ಮುಗಿಯಿತು.’

ಆ ಅಪ್ಪಣೆಗೆ ಸಹಿ ಹಾಕುವಾಗ ಮಾತ್ರ ರಾಜನ ಗಮನ ಎಲ್ಲೂ ಹೋಗಿರಲಿಲ್ಲ.