ಕಂಬಳಿ ಕೋಟು

ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ ನನಗೊಂದು ಕೋಟು ಕೊಡಿಸಿದ. ಕೆಂಪು-ಕಪ್ಪು ದೊಡ್ಡ ಚೌಕಳಿ, ದಪ್ಪ ಉಣ್ಣೆ. ಹಾಕಿಕೊಂಡರೆ ಮೊಮ್ಮಗನನ್ನು ಬೆನ್ನಿಗೆ ಏರಿಸಿಕೊಂಡಷ್ಟು ಭಾರ. ನನ್ನಾಕೆ ಮೇಲಿಂದ ಕೆಳಗೆ ನೋಡಿ, "ಇದೇನ್ರೀ, ಕಂಬಳಿ ಹೊಲಿಸ್ಕೊಂಡು ಬಂದಿದೀರಾ?" ಎಂದಳು.

"ಅತ್ತೆ, ಇದಕ್ಕೆ ಮ್ಯಾಕಿನಾ ಅಂತಾರೆ" ಎಂದ ಅಳಿಯ. ಬಟ್ಟೆಗೂ ಅದೇ ಹೆಸರು, ಕೋಟಿಗೂ ಅದೇ ಹೆಸರು. ಸರಿ, ನಮ್ಮಲ್ಲೂ ಇಳಕಲ್ ಉಟ್ಟಳು ಎಂದರೆ ಊರನ್ನೇ ಸುತ್ತಿಕೊಂಡಳು ಎಂದು ಯಾರೂ ತಿಳಿಯುವುದಿಲ್ಲ, ಅಲ್ವಾ?

ಆ ವಾರಾಂತ್ಯ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಹ್ಯೂರಾನ್, ಮಿಷಿಗನ್ ಸರೋವರಗಳು ಕೂಡುವಲ್ಲಿ ಒಂದು ಊರು, ಹೆಸರು ಮ್ಯಾಕಿನಾ. ಅಲ್ಲಿಂದ ಆಚೆ ದಡಕ್ಕೆ 1957ರಲ್ಲಿ ತೆರೆದ ಎಂಟು ಕಿಲೋಮೀಟರಿನ ಸೇತುವೆ, ಅದೂ ಮ್ಯಾಕಿನಾ. ಪಕ್ಕದ ದ್ವೀಪ, ಕಾರು ಬಿಡದೆ ಕುದುರೆಗಾಡಿಯಲ್ಲೇ ಓಡಾಡುವ ಜಾಗ, ಅದೂ ಮ್ಯಾಕಿನಾ. ಊರಿನ ಹೆಸರಿನ ಕೊನೆಗೆ ಡಬ್ಲ್ಯು, ದ್ವೀಪಕ್ಕೂ ಸೇತುವೆಗೂ ಸಿ. ಓದುವಾಗ ಮಾತ್ರ ಎಲ್ಲಾ ಒಂದೇ. ಫ್ರೆಂಚರು ಬರೆದಿಟ್ಟ ಸಿ ಅಕ್ಷರ ಸುಮ್ನೆ ಕೂತಿದೆ, ಸಂಬಳ ಎಣಿಸಿಕೊಂಡು ಕೆಲಸ ಮಾಡದವರ ಹಾಗೆ. ಆ ಸರೋವರಗಳಲ್ಲಿ ಓಡುತ್ತಿದ್ದ ಚಪ್ಪಟೆ ತಳದ ದೋಣಿಗೂ ಮ್ಯಾಕಿನಾ ಎನ್ನುತ್ತಿದ್ದರು. ಒಂದು ಜಾತಿಯ ಮೀನಿಗೂ ಅದೇ ಹೆಸರು. ಅಂದರೆ ಇದನ್ನು ತೊಡಬಹುದು, ಹತ್ತಬಹುದು, ದಾಟಬಹುದು, ಹುರಿದು ತಿನ್ನಲೂಬಹುದು. ನಮ್ಮ ಇಳಕಲ್‌ಗೆ ಇಷ್ಟು ಉದ್ಯೋಗವಿಲ್ಲ.

ಮೂಲದಲ್ಲಿ ಇದು ಅಲ್ಲಿನ ಓಜಿಬ್ವೆ ಜನರು ಆ ಜಾಗಕ್ಕೆ ಇಟ್ಟ ಉದ್ದನೆಯ ಹೆಸರು. ದೊಡ್ಡ ಆಮೆ ಎಂದು ಅರ್ಥ ಹೇಳುತ್ತಾರೆ. ನೀರಿನಿಂದ ಬೆನ್ನೆತ್ತಿದ ದ್ವೀಪವನ್ನು ದೂರದಿಂದ ನೋಡಿದರೆ ನಂಬುವ ಹಾಗೇ ಇದೆ. ಬಿಳಿಯರು ಬಂದು, ತುಪ್ಪಳಕ್ಕೆ ಬದಲಾಗಿ ಅಲ್ಲಿ ದಪ್ಪ ಹೊದಿಕೆಗಳನ್ನು ಕೊಡತೊಡಗಿದರು. ಆ ಹೊದಿಕೆಗೆ ಜಾಗದ ಹೆಸರೇ ಅಂಟಿತು.

ಇನ್ನು ಕೋಟಿನ ಕಥೆ. 1811ರ ಚಳಿಗಾಲ. ಹತ್ತಿರದ ಸೇಂಟ್ ಜೋಸೆಫ್ ದ್ವೀಪದ ಬ್ರಿಟಿಷ್ ಕೋಟೆಯಲ್ಲಿ ಸೈನಿಕರಿಗೆ ಚಳಿಗೆ ಹಾಕಿಕೊಳ್ಳುವ ಕೋಟುಗಳಿಲ್ಲ. ಕ್ಯಾಪ್ಟನ್ ಚಾರ್ಲ್ಸ್ ರಾಬರ್ಟ್ಸ್ ಉಗ್ರಾಣದ ಹೊದಿಕೆಗಳನ್ನೇ ಕತ್ತರಿಸಿ ಕೋಟು ಹೊಲಿಸಿದ. ಉದ್ದ ಇದ್ದರೆ ಹಿಮದಲ್ಲಿ ಕಾಲಿಗೆ ತೊಡರುತ್ತದೆಂದು ಆಮೇಲೆ ಗಿಡ್ಡ ಮಾಡಿದರಂತೆ. ಮುಂದಿನ ಜುಲೈನಲ್ಲಿ ಅವನೇ ಹೋಗಿ ಮ್ಯಾಕಿನಾ ದ್ವೀಪದ ಕೋಟೆಯನ್ನು ಅಮೆರಿಕನ್ನರಿಂದ ಕಿತ್ತುಕೊಂಡ. ಬೇಸಿಗೆಯಲ್ಲವೇ, ಕೋಟು ಮನೆಯಲ್ಲೇ ಬಿಟ್ಟು ಹೋಗಿರಬೇಕು. ಮುಂದೆ ಕಾಡಿನಲ್ಲಿ ಮರ ಕಡಿಯುವವರು ಈ ಗಿಡ್ಡ ಕೋಟನ್ನು ತಮ್ಮದು ಮಾಡಿಕೊಂಡರು. ಹೀಗೆ ಆ ಕೋಟು, ಅದರ ಹೆಸರಿನ ಸಮೇತ, ನನ್ನ ಮೈಮೇಲೂ ಬಂತು.

ಇಷ್ಟನ್ನೂ ದೋಣಿಯಲ್ಲಿ ವಾಪಸು ಬರುವಾಗ ನನ್ನಾಕೆಗೆ ಹೇಳಿದೆ. ಆಮೆ, ಫ್ರೆಂಚರು, ಕ್ಯಾಪ್ಟನ್, ಕತ್ತರಿ, ಯಾವುದನ್ನೂ ಬಿಡಲಿಲ್ಲ. ಅವಳು ಕಡಲೆಕಾಯಿ ತಿನ್ನುತ್ತಾ ಪೂರ್ತಿ ಕೇಳಿದಳು.

"ನಾನೂ ಅದನ್ನೇ ಅಲ್ವಾ ಹೇಳಿದ್ದು, ಕಂಬಳಿ ಅಂತ."