ಫೈಲ್ ಸೇವ್ ಮಾಡಿದರೆ ಅದರ ಗುರುತು ಯಾಕೆ ಅಳಿಸಿಹೋಗಬೇಕು?

ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಬಗ್ಗೆ ಮಾತು ಬಂದಾಗೆಲ್ಲ ಚರ್ಚೆ ವೇಗದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಬೇಗ ಓದುತ್ತದೆ, ಎಷ್ಟು ದೊಡ್ಡ ಡಿಸ್ಕ್ ನಿಭಾಯಿಸುತ್ತದೆ, ನಡುವೆ ಕರೆಂಟ್ ಹೋದರೆ ಡೇಟಾ ಉಳಿಯುತ್ತದಾ ಅಂತ. ಇವೆಲ್ಲ ಬೇಕಾದದ್ದೇ. ಆದರೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಒಂದು ಫೈಲ್ ಎಲ್ಲಿಂದ ಬಂತು, ಅದನ್ನು ನಂಬಬಹುದಾ, ಯಾವ ಕೆಲಸಕ್ಕೆ ಸೇರಿದ್ದು ಅನ್ನುವ ಸಂಗತಿಗಳನ್ನು ಆಪರೇಟಿಂಗ್ ಸಿಸ್ಟಮ್ ಎಲ್ಲಿಡಬೇಕು, ಪ್ರೋಗ್ರಾಮ್‌ಗಳಿಗೆ ಹೇಗೆ ತೋರಿಸಬೇಕು?

ಲಿನಕ್ಸ್‌ಗೆ ಮಾದರಿಯಾದ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ ಹಳೆಯ ಉತ್ತರ ಚಿಕ್ಕದು. 'ಸ್ಟ್ಯಾಟ್' ಅನ್ನುವ ಸಿಸ್ಟಮ್ ಕಾಲ್‌ನಿಂದ (ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮ್‌ಗೆ ಮಾಡುವ ಕೋರಿಕೆ) ಕೇಳಿದರೆ ಗಾತ್ರ, ಮಾಲೀಕ, ಪರ್ಮಿಷನ್, ಮೂರು ಸಮಯಗಳು ಸಿಗುತ್ತವೆ. ಫೈಲ್ ಹುಟ್ಟಿದ್ದು ಯಾವಾಗ ಅನ್ನುವುದು ಅದರಲ್ಲಿ ಇರಲೇ ಇಲ್ಲ. ಡಿಸ್ಕ್ ಮೇಲೆ ಎಕ್ಸ್ಟ್4 (ಲಿನಕ್ಸ್‌ನ ಒಂದು ಫೈಲ್ ಸಿಸ್ಟಮ್) ಅದನ್ನು ಬರೆದಿಡುತ್ತಿದ್ದರೂ, ಲಿನಕ್ಸ್‌ನಲ್ಲಿ ಕೇಳುವುದಕ್ಕೊಂದು ಸರಿಯಾದ ಬಾಗಿಲು ತೆರೆದದ್ದು 2017ರಲ್ಲಿ, 'ಸ್ಟ್ಯಾಟ್‌ಎಕ್ಸ್' ಬಂದ ಮೇಲೆ. ನಮಗೆ ಬೇಕಾದ್ದನ್ನು ನಾವೇ ಅಂಟಿಸಲು ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳಿವೆ. ಒಂದು ಹೆಸರು, ಅದಕ್ಕೊಂದು ಮೌಲ್ಯ, ಅಷ್ಟೇ.

ಒಂದು ಟೆಕ್ಸ್ಟ್ ಫೈಲ್ ತೆಗೆದುಕೊಂಡು 'ಸೆಟ್‌ಎಫ್‌ಆಟರ್' ಕಮಾಂಡ್‌ನಿಂದ ಅದಕ್ಕೆ 'ಯೂಸರ್.ಮೂಲ' ಅಂತ ಒಂದು ಆಟ್ರಿಬ್ಯೂಟ್ ಹಚ್ಚಿ. 'ಗೆಟ್‌ಎಫ್‌ಆಟರ್' ಕೊಟ್ಟರೆ ಕಾಣುತ್ತದೆ. ಈಗ ಬರೀ 'ಸಿಪಿ' ಕೊಟ್ಟು ಕಾಪಿ ಮಾಡಿ. ಒಳಗಿನ ಒಂದೊಂದು ಬೈಟ್ ಕೂಡ ಹಾಗೇ ಬಂದಿರುತ್ತದೆ, ನೀವು ಹಚ್ಚಿದ ಗುರುತು ಮಾತ್ರ ಇರುವುದಿಲ್ಲ. ಅದು ಬರಬೇಕಾದರೆ ಬೇರೆ ಆಪ್ಷನ್ ಕೊಟ್ಟು ಕೇಳಬೇಕು. ಹೋಗಲಿ, ಕಾಪಿ ಬೇಡ, ಮೂಲ ಫೈಲನ್ನೇ ತೆರೆದು ಒಂದು ಕಾಮಾ ಸೇರಿಸಿ ಸೇವ್ ಮಾಡಿ. ಎಷ್ಟೋ ಎಡಿಟರ್‌ಗಳಲ್ಲಿ ಆಗಲೂ ಗುರುತು ಮಾಯ. ಯಾವ ಎರರ್ ಮೆಸೇಜೂ ಬರುವುದಿಲ್ಲ.

ಎಡಿಟರ್ ಬರೆದವರನ್ನು ದೂರುವಂತಿಲ್ಲ. ಸೇವ್ ಮಾಡುವಾಗ ಹಳೆಯ ಫೈಲ್ ಮೇಲೆಯೇ ಬರೆದರೆ, ಅರ್ಧದಲ್ಲಿ ಸಿಸ್ಟಮ್ ಬಿದ್ದಾಗ ಹಳೆಯದೂ ಇಲ್ಲ ಹೊಸದೂ ಇಲ್ಲ ಅನ್ನುವಂತಾಗುತ್ತದೆ. ಹಾಗಾಗಿ ಪಕ್ಕದಲ್ಲಿ ಹೊಸ ಫೈಲ್ ಬರೆದು, ಡಿಸ್ಕ್‌ಗೆ ತಲುಪಿದ್ದು ಖಾತ್ರಿಯಾದ ಮೇಲೆ ಹಳೆಯ ಹೆಸರಿಗೆ 'ರೀನೇಮ್' ಮಾಡುತ್ತಾರೆ. ಹೀಗೆ ಮಾಡಿ ಅಂತ ದಶಕಗಳಿಂದ ಹೇಳಿಕೊಟ್ಟಿದ್ದೇವೆ, ಅದು ಸರಿಯಾದ ಪಾಠವೇ. ಆದರೆ ಆಟ್ರಿಬ್ಯೂಟ್ ಕೂತಿರುವುದು ಹಳೆಯ ಐನೋಡ್ (ಹೆಸರು ಬಿಟ್ಟು ಫೈಲ್‌ನ ಉಳಿದ ವಿವರಗಳಿರುವ ದಾಖಲೆ) ಜೊತೆ. ಹೆಸರು ಹೊಸ ಐನೋಡ್‌ಗೆ ಹೋಯಿತು, ಹಳೆಯದು ತನ್ನ ಆಟ್ರಿಬ್ಯೂಟ್‌ಗಳ ಸಮೇತ ಅಳಿಯಿತು. ಬಳಸುವವರ ಕಣ್ಣಿಗೆ ಅದು ಅದೇ ಫೈಲ್, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಲೆಕ್ಕದಲ್ಲಿ ಪೂರ್ತಿ ಬೇರೆ. ಈ ಎರಡು ತಿಳಿವಳಿಕೆಗಳ ನಡುವಿನ ಬಿರುಕಿನಲ್ಲೇ ನಮ್ಮ ಮಾಹಿತಿ ಬಿದ್ದುಹೋಗುತ್ತಿದೆ.

ಮಿತಿಗಳು ಬೇರೆ ಇವೆ. ಸಾಮಾನ್ಯ ಎಕ್ಸ್ಟ್4 ಸೆಟಪ್‌ನಲ್ಲಿ ಒಂದು ಫೈಲ್‌ನ ಎಲ್ಲ ಆಟ್ರಿಬ್ಯೂಟ್‌ಗಳೂ ಹೆಚ್ಚುಕಡಿಮೆ ಒಂದೇ ಬ್ಲಾಕ್‌ನಲ್ಲಿ, ಅಂದರೆ 4 ಕೆಬಿಯಲ್ಲಿ ಹಿಡಿಯಬೇಕು. ಬೇರೆ ಫೈಲ್‌ನ ವಿಳಾಸ ಮಾತ್ರ ಹೇಳುವ ಸಿಮ್‌ಲಿಂಕ್‌ಗೆ 'ಯೂಸರ್' ಆಟ್ರಿಬ್ಯೂಟ್ ಹಚ್ಚುವ ಹಾಗಿಲ್ಲ. ಲಿನಕ್ಸ್‌ನ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೇಲಿನ ಫೈಲ್ ಸಿಸ್ಟಮ್) ಇವಕ್ಕೆ ಬೆಂಬಲ ಬಂದದ್ದು 2020ರಲ್ಲಿ. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಜಾಗವನ್ನು ಅಪ್ಲಿಕೇಶನ್ ಬರೆಯುವವರು ನಂಬುವುದಾದರೂ ಹೇಗೆ?

'ಪ್ರತ್ಯೇಕ ಸಿಸ್ಟಮ್ ಕಾಲ್ ಯಾಕೆ, ಮೆಟಾಡೇಟಾವನ್ನೂ (ಫೈಲ್ ಬಗೆಗಿನ ಮಾಹಿತಿಯನ್ನೂ) ಫೈಲ್ ಮಾಡಿಬಿಡಿ, ಎಲ್ಲ ಟೂಲ್‌ಗಳೂ ತಾವಾಗಿಯೇ ಓದುತ್ತವೆ' ಅನ್ನುವವರಿದ್ದಾರೆ. ಕೇಳಲು ಬಹಳ ಚೆನ್ನಾಗಿದೆ, ನನಗೂ ಅದರ ಮೇಲೆ ಪ್ರೀತಿಯಿದೆ. ಸನ್ ಕಂಪನಿಯ ಯುನಿಕ್ಸ್ ಆದ ಸೋಲಾರಿಸ್ 9ರಲ್ಲಿ ಪ್ರತಿ ಫೈಲ್‌ಗೂ ಒಂದು ಮರೆಯ ಡೈರೆಕ್ಟರಿ ಕೊಟ್ಟಿದ್ದರು. ಲಿನಕ್ಸ್‌ಗಾಗಿ ಬರೆದ ರೈಸರ್4 ಫೈಲ್ ಸಿಸ್ಟಮ್ ಇನ್ನೂ ಮುಂದೆ ಹೋಗಿ, ಫೈಲನ್ನೇ ಡೈರೆಕ್ಟರಿಯಂತೆಯೂ ತೆರೆಯಬಹುದು ಅಂದಿತು. 2004ರಲ್ಲಿ ಲಿನಕ್ಸ್ ಕರ್ನಲ್ ಬಳಗದಲ್ಲಿ ಇದರ ಮೇಲೆ ದೊಡ್ಡ ಜಟಾಪಟಿಯೇ ನಡೆಯಿತು. ಗಂಟು ಇದ್ದದ್ದು ಹಾರ್ಡ್ ಲಿಂಕ್‌ನಲ್ಲಿ. ಒಂದು ಫೈಲ್‌ಗೆ ಹಲವು ಹೆಸರು ಇರಬಹುದು, ಡೈರೆಕ್ಟರಿಗೆ ಮರದಲ್ಲಿ ಒಂದೇ ಜಾಗ. ಒಂದೇ ವಸ್ತುವಿಗೆ ಇಬ್ಬರು ಒಟ್ಟಿಗೇ ಕೈಹಾಕದಂತೆ ಕಾಯುವ ಕರ್ನಲ್‌ನ ಲಾಕಿಂಗ್ ಎಲ್ಲ ಆ ನಂಬಿಕೆಯ ಮೇಲೇ ನಿಂತಿದೆ. ಒಂದೇ ವಸ್ತು ಎರಡೂ ಆದರೆ ಡೆಡ್‌ಲಾಕ್‌ಗೆ (ಒಂದಕ್ಕೊಂದು ಕಾಯುತ್ತಾ ಎರಡೂ ನಿಂತುಹೋಗುವುದಕ್ಕೆ) ದಾರಿಯಾಗುತ್ತದೆ ಅಂತ ಕರ್ನಲ್ ಡೆವಲಪರ್ ಅಲ್ ವಿರೋ ತೋರಿಸಿಕೊಟ್ಟರು. ರೈಸರ್4 ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ. ಆ ಆಕ್ಷೇಪ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲವನ್ನೂ ಫೈಲ್ ಒಳಗೇ ಬರೆಯಬಾರದಾ? ಫೋಟೋಗಳಲ್ಲಿ ಎಕ್ಸಿಫ್ (ತೆಗೆದ ಸಮಯ, ಕ್ಯಾಮೆರಾ ಮುಂತಾದ ವಿವರ) ಹಾಗೇ ಇದೆ, ಕಾಪಿ ಮಾಡಿದರೂ ಜೊತೆಗೇ ಹೋಗುತ್ತದೆ. ಆದರೆ ಬರೀ ಟೆಕ್ಸ್ಟ್ ಫೈಲ್‌ನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಡಿಜಿಟಲ್ ಸಹಿ ಹಾಕಿದ ಫೈಲ್‌ನ ಒಳಗೆ ಒಂದು ಬೈಟ್ ಬದಲಾದರೂ ಸಹಿ ಮುರಿಯುತ್ತದೆ.

ನನ್ನ ವಾದ ಇಷ್ಟು: ಎಲ್ಲಿಡಬೇಕು ಅನ್ನುವುದರ ಮೇಲೆ ಇಷ್ಟು ವರ್ಷ ಜಗಳವಾಡಿ, ಇಟ್ಟ ಮಾಹಿತಿ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಇಂಟರ್‌ಫೇಸ್‌ನಲ್ಲಿ ಬರೆಯುವುದನ್ನೇ ಬಿಟ್ಟಿದ್ದೇವೆ. ಡೌನ್‌ಲೋಡ್ ಆದ ವಿಳಾಸ ಕಾಪಿಯ ಜೊತೆ ಹೋಗಬೇಕು. ಒಳಗಿನದು ಬದಲಾಗಿಲ್ಲ ಅಂತ ಪರೀಕ್ಷಿಸುವ ಸಂಖ್ಯೆಯಾದ ಚೆಕ್‌ಸಮ್ ಕಾಪಿಯ ಜೊತೆ ಹೋಗಬೇಕು, ಆದರೆ ಒಳಗಿನದು ಬದಲಾದ ತಕ್ಷಣ ಅಳಿಯಬೇಕು. ಯಾರು ಮುಟ್ಟಬಹುದು ಅಂತ ಹೇಳುವ ಸೆಕ್ಯುರಿಟಿ ಲೇಬಲ್ ಏನಾಗಬೇಕು ಅನ್ನುವುದನ್ನು ಫೈಲ್ ಹೋಗಿ ಸೇರುವ ಜಾಗ ತೀರ್ಮಾನಿಸಬೇಕು. ಮೂರಕ್ಕೂ ಮೂರು ಥರದ ನಡವಳಿಕೆ ಬೇಕು, ಲಿನಕ್ಸ್‌ನ ಆಟ್ರಿಬ್ಯೂಟ್ ಇಂಟರ್‌ಫೇಸ್‌ನಲ್ಲಿ ಮೂರೂ ಬರೀ ಹೆಸರು ಮತ್ತು ಬೈಟ್‌ಗಳು.

ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ವಿಂಡೋಸ್‌ನಲ್ಲಿ ಇಂಟರ್‌ನೆಟ್‌ನಿಂದ ಬಂದ ಫೈಲ್‌ಗೆ 'ಝೋನ್.ಐಡೆಂಟಿಫೈಯರ್' ಅನ್ನುವ ಸ್ಟ್ರೀಮ್ (ಫೈಲ್‌ಗೆ ಜೋಡಿಸಿದ ಮರೆಯ ಡೇಟಾ) ಅಂಟುತ್ತದೆ, ಎಚ್ಚರಿಕೆ ಕೊಡುವುದು ಅದನ್ನು ನೋಡಿಯೇ. ದಾಳಿಕೋರರು ಫೈಲನ್ನು ಐಎಸ್‌ಒ ಇಮೇಜ್ (ಇಡೀ ಡಿಸ್ಕ್‌ನ ನಕಲು ಒಂದೇ ಫೈಲ್ ಆಗಿ) ಒಳಗಿಟ್ಟು ಕಳಿಸತೊಡಗಿದರು. ಗುರುತು ಇಮೇಜ್ ಮೇಲೆ ಉಳಿಯುತ್ತಿತ್ತು, ಒಳಗಿನ ಫೈಲ್‌ಗೆ ದಾಟುತ್ತಿರಲಿಲ್ಲ. 2022ರಲ್ಲಿ ಮೈಕ್ರೋಸಾಫ್ಟ್ ಇದನ್ನು ಸರಿಪಡಿಸಬೇಕಾಯಿತು.

ದಾರಿಯೇ ಇಲ್ಲ ಅಂತೇನಿಲ್ಲ. ಮ್ಯಾಕ್‌ಒಎಸ್‌ನಲ್ಲಿ ಆಟ್ರಿಬ್ಯೂಟ್ ಹೆಸರಿನ ಕೊನೆಗೆ ಹ್ಯಾಶ್ ಚಿಹ್ನೆ ಹಾಕಿ, 'ಇದು ಒಳಗಿನ ವಿಷಯವನ್ನು ಅವಲಂಬಿಸಿದ್ದು', 'ಇದನ್ನು ಹೊರಗೆ ಕಳಿಸಬೇಡ' ಅಂತ ಸೂಚಿಸುವ ಅಕ್ಷರಗಳನ್ನು ಸೇರಿಸಬಹುದು. ಬಹಳ ಜನಕ್ಕೆ ಇದು ಇರುವುದೇ ಗೊತ್ತಿಲ್ಲ. ವಿಂಡೋಸ್‌ನ 'ರೀಪ್ಲೇಸ್‌ಫೈಲ್' ಹೊಸ ಫೈಲನ್ನು ಹಳೆಯದರ ಜಾಗದಲ್ಲಿ ಕೂರಿಸುವಾಗ ಹುಟ್ಟಿದ ಸಮಯ, ಪರ್ಮಿಷನ್, ಸ್ಟ್ರೀಮ್‌ಗಳನ್ನು ಹಳೆಯದರಿಂದ ಹೊಸದಕ್ಕೆ ದಾಟಿಸುತ್ತದೆ. ಸೇವ್ ಮಾಡುವ ಪ್ರೋಗ್ರಾಮ್‌ಗೆ ಬೇಕಾದ್ದು ಇದೇ. ಲಿನಕ್ಸ್‌ನಲ್ಲಿ ಇರುವುದು 'ಎಕ್ಸ್‌ಆಟರ್.ಕಾನ್ಫ್' ಅನ್ನುವ ಒಂದು ಫೈಲ್. ಕಾಪಿ ಮಾಡುವಾಗ ಯಾವುದನ್ನು ಬಿಡಬೇಕು ಅಂತ ಅದರಲ್ಲಿ ಹೇಳಬಹುದು, ಆದರೆ ಅದನ್ನು ಓದುವುದು ಒಂದು ಲೈಬ್ರರಿ. ಆ ಲೈಬ್ರರಿ ಬಳಸದ ಪ್ರೋಗ್ರಾಮ್‌ಗೆ ಅದು ಇದ್ದೂ ಇಲ್ಲದ ಹಾಗೆ.

2014ರಿಂದ ಲಿನಕ್ಸ್‌ನಲ್ಲಿ ಹೆಸರು ಬದಲಿಸುವ 'ರೀನೇಮ್‌ಆಟ್2' ಅನ್ನುವ ಸಿಸ್ಟಮ್ ಕಾಲ್ ಇದೆ, ಅದು ಫ್ಲ್ಯಾಗ್‌ಗಳನ್ನು (ಹೀಗೆ ಮಾಡು ಅನ್ನುವ ಸೂಚನೆಗಳನ್ನು) ತೆಗೆದುಕೊಳ್ಳುತ್ತದೆ. 'ಹಳೆಯ ಫೈಲ್‌ನ ಯೂಸರ್ ಆಟ್ರಿಬ್ಯೂಟ್‌ಗಳನ್ನು ಹೊಸದಕ್ಕೆ ದಾಟಿಸು' ಅನ್ನುವ ಒಂದು ಫ್ಲ್ಯಾಗ್ ಅಲ್ಲಿಗೆ ಬರಲಿ. ಆದರೆ ಕಣ್ಣುಮುಚ್ಚಿ ಎಲ್ಲವನ್ನೂ ದಾಟಿಸಿದರೆ ಹಳೆಯ ಚೆಕ್‌ಸಮ್ ಹೊಸ ವಿಷಯದ ಮೇಲೆ ಕೂರುತ್ತದೆ, ಅದು ಗುರುತು ಕಳೆದುಹೋಗುವುದಕ್ಕಿಂತ ಕೆಟ್ಟದ್ದು. ಹಾಗಾಗಿ ವಿಷಯಕ್ಕೆ ಅಂಟಿದ್ದು ಯಾವುದು, ಫೈಲ್‌ಗೆ ಅಂಟಿದ್ದು ಯಾವುದು ಅಂತ ಹೆಸರಿನಲ್ಲೇ ಸಾರುವ ಒಂದು ನಿಯಮ ಮೊದಲು ಬರಬೇಕು, ಫ್ಲ್ಯಾಗ್ ಆಮೇಲೆ. ಕರ್ನಲ್, ಎಡಿಟರ್, ಬ್ಯಾಕಪ್ ಟೂಲ್ ಕೆಲಸದಲ್ಲಿರುವವರು ಇದನ್ನು ಓದುವವರಲ್ಲಿ ಇದ್ದೀರಿ. ಈ ನಿಯಮ ಎಲ್ಲಿ ಮುರಿಯುತ್ತದೆ ಅಂತ ನಿಮಗೆ ಕಂಡರೆ ಕೆಳಗೆ ಬರೆಯಿರಿ.