ಪೈಲಟ್‌ಗೆ ಬರ, ಕೊನೆಗೌಡನಿಗೂ ಬರ

ನಮ್ಮ ಶಿರಸಿ ಸೀಮೆಯಲ್ಲಿ ‘ಜನ ಸಿಗ್ತಿಲ್ಲ’ ಎನ್ನುವ ಮಾತಿಗೆ ಒಂದೇ ಅರ್ಥ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಸಿಗುತ್ತಿಲ್ಲ ಎಂದರೆ ಸಿಗುತ್ತಿಲ್ಲ, ಅಷ್ಟೇ. ತೋಟದಲ್ಲಿ ಅಡಿಕೆ ಹಣ್ಣಾಗಿ ಉದುರುತ್ತಿದ್ದರೂ ಅವನ ಮನೆಗೆ ನಾಲ್ಕು ಸಲ ಹೋಗಿ, ಮುಂಗಡ ಕೊಟ್ಟು, ಅವನ ಹೆಂಡತಿಯ ಹತ್ತಿರ ಒಂದು ಮಾತು ಹೇಳಿಸಿ, ಆಮೇಲೆ ಬಾಗಿಲಲ್ಲಿ ಕೂತು ದಾರಿ ಕಾಯಬೇಕು. ಮರ ಹತ್ತಲು ಬರುವ ಒಬ್ಬನೂ ಮನೆಯಲ್ಲಿ ಸುಮ್ನೆ ಕೂತಿಲ್ಲ.

ದೇಶದಲ್ಲಿ ಪೈಲಟ್‌ಗಳಿಗೂ ಬರವಂತೆ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ 30 ಸಾವಿರ ಪೈಲಟ್‌ಗಳು ಬೇಕೆಂದು ವಿಮಾನಯಾನ ಮಂತ್ರಿಗಳೇ ಹೇಳಿದ್ದಾರೆ. ಆ ಸುದ್ದಿಯನ್ನು ನನಗೆ ಓದಿ ಹೇಳಿದವನು ನನ್ನ ಅಕ್ಕನ ಮಗ. ಅಂಗಳದಲ್ಲಿ ಅಡಿಕೆ ಹರವುತ್ತಾ ಓದಿದ. ಅವನೂ ಪೈಲಟ್ಟೇ. ಲೈಸೆನ್ಸ್ ಬಂದು ಎರಡು ವರ್ಷ ದಾಟಿತು.

ಮಾಣಿ 200 ಗಂಟೆ ಹಾರಿದ್ದಾನೆ. ಹೆಚ್ಚಿನದೆಲ್ಲ ನಾಲ್ಕು ಸೀಟಿನ ಸೆಸ್ನಾದಲ್ಲಿ. ಹವಾಮಾನ, ನ್ಯಾವಿಗೇಷನ್, ನಿಯಮಾವಳಿ, ರೇಡಿಯೋ ಎಂದು ಒಂದರ ಹಿಂದೊಂದು ಪರೀಕ್ಷೆ ಬರೆದಿದ್ದಾನೆ. ಇದಕ್ಕೆ ಭಾವ ಅರ್ಧ ತೋಟ ಅಡವಿಟ್ಟರು. ಉಳಿದ ಅರ್ಧ ಎಂತಕ್ಕೆ ಎಂದು ನಮಗೆ ಆಮೇಲೆ ಗೊತ್ತಾಯಿತು. ಅದು ಟೈಪ್ ರೇಟಿಂಗ್‌ಗೆ.

ಲೈಸೆನ್ಸ್ ಇದ್ದವನು ಎಲ್ಲ ವಿಮಾನ ಓಡಿಸುವಂತಿಲ್ಲ. ಏರ್‌ಬಸ್ ಎ320 ಓಡಿಸಲು ಬೇರೆ ತರಬೇತಿ, ಬೋಯಿಂಗ್ 737ಕ್ಕೆ ಬೇರೆ. ಟೈಪ್ ರೇಟಿಂಗ್ ಎಂದರೆ ಇದೇ. ಸುರಕ್ಷತೆಯ ವಿಷಯ, ಇದರಲ್ಲಿ ತಪ್ಪೇನಿಲ್ಲ. ತಮಾಷೆ ಇರುವುದು ಬಿಲ್ಲಿನಲ್ಲಿ. ವಿಮಾನ ಕಂಪನಿಯದು, ಟಿಕೆಟ್ ದುಡ್ಡು ಕಂಪನಿಯದು, ಅದನ್ನು ಓಡಿಸಲು ಕಲಿಯುವ ಲಕ್ಷಗಟ್ಟಲೆ ಖರ್ಚು ಮಾತ್ರ ಎಷ್ಟೋ ಸಲ ಹುಡುಗನ ಅಪ್ಪನದು. ಅದೂ ಯಾವ ಕಂಪನಿ ಕರೆಯುತ್ತದೆ ಎಂದು ಗೊತ್ತಾಗುವ ಮೊದಲೇ. ಏರ್‌ಬಸ್ ಕಲಿತು ಕೂತರೆ ಜಾಹೀರಾತು ಬೋಯಿಂಗ್‌ಗೆ ಬರುತ್ತದೆ. ಏರ್‌ಬಸ್‌ಗೇ ಬಂದರೂ ಕೆಲವದರಲ್ಲಿ ಕೆಳಗೆ ಸಣ್ಣಕ್ಷರದಲ್ಲಿ, ಆ ವಿಮಾನವನ್ನೇ ಇಷ್ಟು ನೂರು ಗಂಟೆ ಹಾರಿಸಿರಬೇಕು ಎಂದಿರುತ್ತದೆ. ಹೊಸಬರು ಬೇಕು, ಆದರೆ ಹಳಬರಾಗಿರಬೇಕು!

ನಾನೂ ಕೊನೆಗೌಡ ಬೇಕೆಂದು ಹೀಗೇ ಒಂದು ಜಾಹೀರಾತು ಬರೆದು ನೋಡಿದೆ. ‘ಮಂಗಳ ತಳಿಯ ಮರ ಹತ್ತಿದ ಸರ್ಟಿಫಿಕೇಟ್ ಕಡ್ಡಾಯ, ಊರ ತಳಿಯವರು ಅರ್ಜಿ ಹಾಕುವುದು ಬೇಡ. ಕಲಿಯಲು ಮರ ನಿಮ್ಮದೇ, ದುಡ್ಡೂ ನಿಮ್ಮದೇ. ಕಳೆದ ಆರು ತಿಂಗಳಲ್ಲಿ ಮರ ಹತ್ತಿರಬೇಕು. ಕೆಲಸ ಇಲ್ಲದೆ ಯಾರ ಮರ ಹತ್ತಲಿ ಎಂದು ಕೇಳಬಾರದು. ಮೊದಲು ಕಂಪ್ಯೂಟರ್ ಮುಂದೆ ಮನಸ್ಸಿನ ಪರೀಕ್ಷೆ. ಪಾಸಾದವರನ್ನು ಕಾಯುವ ಪಟ್ಟಿಗೆ ಸೇರಿಸಲಾಗುವುದು.’ ಓದಿದ ಅಕ್ಕ, ಇದನ್ನು ಗೌಡನ ಕೈಗೆ ಕೊಟ್ಟರೆ ನಿನ್ನನ್ನೇ ಮರಕ್ಕೆ ಕಟ್ಟುತ್ತಾನೆ ಎಂದಳು.

2025ರ ಡಿಸೆಂಬರ್‌ನಲ್ಲಿ ಒಂದು ಆಸೆ ಹುಟ್ಟಿತ್ತು. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆಯ ಬದಲು 48 ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮ ಬಂದು, ದೇಶದ ಅತಿ ದೊಡ್ಡ ವಿಮಾನ ಕಂಪನಿಗೆ ಪೈಲಟ್‌ಗಳು ಸಾಲದೆ, ಸಾವಿರಾರು ವಿಮಾನ ರದ್ದಾದವಲ್ಲ, ಆಗ. ನಮ್ಮ ಮಾಣಿಗೆ ಎರಡು ವರ್ಷದಿಂದ ವಾರಕ್ಕೆ 168 ಗಂಟೆ ವಿಶ್ರಾಂತಿ. ಅಂಥವನನ್ನು ಯಾರೂ ಕರೆಯಲಿಲ್ಲ. ಈಗ ಬೇಕಾಗಿರುವುದು ಮುಖ್ಯವಾಗಿ ಕ್ಯಾಪ್ಟನ್‌ಗಳಂತೆ. ಅವರ ಲೈಸೆನ್ಸಿಗೆ 1,500 ಗಂಟೆ ಹಾರಿರಬೇಕು. ಉಳಿದ 1,300 ಗಂಟೆ ಹಾರಲು ಇವನಿಗೆ ಕೆಲಸ ಬೇಕು. ಅಡಿಕೆ ಸಸಿ ನೆಡದೆ ಕೊನೆ ಕೊಯ್ಯಲು ಹೊರಟವರನ್ನು ನಾನು ನೋಡಿದ್ದು ಇದೇ ಮೊದಲು.

2023 ಒಂದೇ ವರ್ಷ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ 1,622 ಪೈಲಟ್ ಲೈಸೆನ್ಸ್ ಕೊಟ್ಟಿತು. ಅದೇ ವರ್ಷ ಎರಡು ಕಂಪನಿಗಳು ಸೇರಿ 970 ವಿಮಾನಗಳಿಗೆ ಆರ್ಡರ್ ಕೊಟ್ಟವು, ಪೇಪರಿನವರು ಕುಣಿದಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತುಹೋಗಿ ಅನುಭವ ಇದ್ದ ಪೈಲಟ್‌ಗಳೂ ಕ್ಯೂಗೆ ಬಂದರು. ಆರ್ಡರ್ ಕೊಟ್ಟ ವಿಮಾನಕ್ಕೆ ಪೈಲಟ್ ಬೇಡ, ಬಂದಿಳಿದ ವಿಮಾನಕ್ಕೆ ಬೇಕು. ಇಷ್ಟು ಸಣ್ಣ ವಿಷಯ ಆಗ ಯಾರೂ ಭಾವನಿಗೆ ಹೇಳಲಿಲ್ಲ.

ಬೇಜಾರು ಕಳೆಯಲಿ ಎಂದು ಅವನನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕ, ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ನಿಲ್ಲಿಸಿದ್ದಾರೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಫ್ಯಾನು. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗ ಮಾಡಿ ರಸ್ತೆಯಲ್ಲಿ ತಂದದ್ದು. ಅಂದರೆ ಕಾರವಾರಕ್ಕೆ ಬಂದ ಇಷ್ಟು ದೊಡ್ಡ ವಿಮಾನವನ್ನು ಓಡಿಸಿ ತಂದವರು ಲಾರಿ ಡ್ರೈವರುಗಳು. ಮಾಣಿ ರೆಕ್ಕೆಯ ಕೆಳಗೆ ನಿಂತು ಒಂದು ಫ್ಯಾನನ್ನೇ ನೋಡುತ್ತಿದ್ದ. ಬರುವಾಗ ಅಂಕೋಲೆಯಲ್ಲಿ ಚಾ ಕುಡಿಯುತ್ತಾ, ಇಲ್ಲೇ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗ್ತದಂತಲ್ಲೋ ತಮಾ ಎಂದೆ. ಲೋಟ ಕೆಳಗಿಡದೆ ನಕ್ಕ.

ಮೊನ್ನೆ ಕಡೆಗೂ ಕೊನೆಗೌಡ ಬಂದ, ಹೇಳಿದ ದಿನಕ್ಕಿಂತ ನಾಲ್ಕು ದಿನ ತಡವಾಗಿ. ಜೊತೆಗೊಬ್ಬ ಹುಡುಗ. “ಹೊಸಬ, ಹತ್ತಿ ಹತ್ತಿ ಕಲೀತಾನೆ, ಕೂಲಿ ಮಾತ್ರ ಪೂರ್ತಿ ಕೊಡ್ಬೇಕು” ಎಂದ. ಭಾವ ತುಟಿ ಪಿಟಕ್ಕೆನ್ನಲಿಲ್ಲ. ಮಾಣಿ ಮುಂದೆ ಬಂದು, ನಂಗೂ ಕಲಿಸ್ತೀಯಾ ಎಂದು ಕೇಳಿದ. ಗೌಡ ಕಾಲಿಗೆ ತಳೆ ಹಾಕಿಕೊಳ್ಳುತ್ತಾ ಒಂದೇ ಪ್ರಶ್ನೆ ಹಾಕಿದ.

“ಸಣ್ಣ ಹೆಗಡೇರು ಎಷ್ಟು ಕೆ.ಜಿ. ಇದ್ದೀರಿ?”

“ಎಂಬತ್ತೆರಡು.”

ಗೌಡ ಮರವನ್ನೊಮ್ಮೆ ನೋಡಿದ, ಇವನನ್ನೊಮ್ಮೆ ನೋಡಿದ.

“ಕೆಳಗೆ ನಿಂತು ಹಗ್ಗ ಹಿಡ್ಕಳಿ” ಎಂದು ಮೇಲೆ ಹೋದ.